ಬಿಸಿಲಿಗಿಟ್ಟ ಪೈಪಿನ ಕೊಳವೆ

ರಂಗಪ್ಪನವರೇ, ಅವತ್ತು ನೀವು ಹುರಿದ ಕಾಫಿ ಸೀದಿರಲಿಲ್ಲ. ಹದ ಸರಿಯಾಗಿಯೇ ಇತ್ತು. ಕುಡಿದ ಕೂಡಲೇ ನನಗದು ಗೊತ್ತಾಗಿತ್ತು. ಗೊತ್ತಿದ್ದೂ ಸೀದಿದೆ ಎಂದೆ — ನಾನು, ನಿಮ್ಮ ಯಜಮಾನರ ಸೊಸೆ ಸುಮಿತ್ರ.

ಯಶವಂತಪುರದ ನಮ್ಮ ಕಾಫಿಪುಡಿ ಅಂಗಡಿಯಲ್ಲಿ ಬೀಜ ಹುರಿಯುವುದು ನಿಮ್ಮ ಕೆಲಸ, ರುಚಿ ನೋಡಿ ಒಪ್ಪುವುದು ಮಾವನ ಕೆಲಸ. ಹುರಿದ ಬೀಜ ಆರುವವರೆಗೂ ಅವರು ತಂಬಾಕಿನ ಪೈಪ್ ಕಚ್ಚಿಕೊಂಡು ಕೂತಿರುತ್ತಿದ್ದರು. ಮನೆಗೆ ಬಂದರೂ ಅದೇ ಹೊಗೆ. ಆಗ ನನ್ನ ಮಗ ಕೈಗೂಸು, ಸದಾ ಕೆಮ್ಮು. ಊರಿಗೆಲ್ಲ ಬುದ್ಧಿ ಹೇಳುವ ಬಾಯಿ ನನ್ನದು. ಮಾವನ ಎದುರು ನಿಂತು ‘ಸೇದಬೇಡಿ’ ಎನ್ನಲು ಮಾತ್ರ ಅದು ಏಳಲಿಲ್ಲ. ಇದನ್ನು ನೆಪವಾಗಿ ಹೇಳುತ್ತಿಲ್ಲ — ನಡೆದದ್ದನ್ನು ಹೇಳುತ್ತಿದ್ದೇನೆ.

ಒಂದು ದಿನ ಆ ಪೈಪಿನಲ್ಲಿ ಬಾಯಲ್ಲಿ ಕಚ್ಚುವ ಕೊಳವೆ ಸೀಳಿತು. ಹೊಸದು ಹಾಕಿಸಲು ಮಾವ ನನ್ನ ಕೈಗೇ ಕೊಟ್ಟರು. “ನಿಂಗೆ ಯಾವ್ದು ಸರಿ ಅನ್ಸುತ್ತೋ ಅದೇ ಹಾಕಿಸ್ಕೊಂಡು ಬಾಮ್ಮ” ಎಂದರು.

ಆರ್.ಟಿ. ನಗರದಲ್ಲಿ ಪೆನ್ನು, ಪೈಪು ರಿಪೇರಿ ಮಾಡುವವರೊಬ್ಬರು ಎರಡು ತುಂಡು ಮುಂದಿಟ್ಟರು. ಒಂದು ಅಕ್ರಿಲಿಕ್ — ಮಿರಮಿರ ಮಿಂಚುತ್ತದೆ, ಹಲ್ಲಿಗೆ ಸ್ವಲ್ಪ ಗಟ್ಟಿ, ಆದರೆ ಎಷ್ಟು ವರ್ಷವಾದರೂ ರುಚಿ ಕೆಡುವುದಿಲ್ಲವಂತೆ. ಇನ್ನೊಂದು ಎಬೊನೈಟ್ — ಗಂಧಕ ಬೆರೆಸಿ ಗಟ್ಟಿ ಮಾಡಿದ ಕಪ್ಪು ರಬ್ಬರು. ಕಚ್ಚಲು ಹಿತ, ಆದರೆ ಬಿಸಿಲು ತಗುಲಿದರೆ ಹಸಿರಿಗೆ ತಿರುಗಿ ಕಹಿಯಾಗುತ್ತದೆ, ಜೋಪಾನ ಎಂದು ಅವರು ಎಚ್ಚರಿಸಿದರು. ನಾನು ಎಬೊನೈಟನ್ನೇ ಆರಿಸಿದೆ, ಆ ಎಚ್ಚರಿಕೆ ಕೇಳಿದ್ದಕ್ಕೇ ಆರಿಸಿದೆ. ರಿಪೇರಿ ಇನ್ನೂ ಆಗಿಲ್ಲ ಎಂದು ಮಾವನಿಗೆ ಸುಳ್ಳು ಹೇಳಿ, ತಾರಸಿಯ ಮೇಲೆ ಸಂಡಿಗೆಯ ಪಕ್ಕದಲ್ಲಿ ಅದನ್ನು ದಿನಗಟ್ಟಲೆ ಒಣಗಿಸಿದೆ. ಹಸಿರು ಕಾಣದಿರಲೆಂದು ಕೊಬ್ಬರಿ ಎಣ್ಣೆ ಸವರಿದೆ. ಕಹಿಯಾದರೆ ಬೇಸತ್ತು ಪೈಪನ್ನೇ ಬಿಸಾಕುತ್ತಾರೆ ಎಂದುಕೊಂಡಿದ್ದೆ — ನನ್ನ ಜಾಣತನಕ್ಕೆ ಬೆಂಕಿ ಬೀಳಲಿ.

ಅವರು ಪೈಪನ್ನು ಅನುಮಾನಿಸಲೇ ಇಲ್ಲ. ಸೊಸೆ ಆರಿಸಿ ತಂದದ್ದಲ್ಲವೇ. ಬಾಯಲ್ಲಿ ಉಳಿದ ಕಹಿಗೆ ಕಾಫಿಯನ್ನು ಅನುಮಾನಿಸಿದರು.

ಆ ಮಧ್ಯಾಹ್ನ ನಾನು ಊಟದ ಕ್ಯಾರಿಯರ್ ಹಿಡಿದು ಅಂಗಡಿಗೆ ಬಂದಾಗ ಮಾವ ಕಾಫಿ ಉಗುಳಿ, ಬೀಜ ಸೀಯಿಸಿದ್ದೀಯ ಎಂದು ನಿಮ್ಮನ್ನು ಬೈಯುತ್ತಿದ್ದರು. ನೀವು ಇನ್ನೊಂದು ಲೋಟಕ್ಕೆ ಬಗ್ಗಿಸಿ ನನ್ನ ಕಡೆ ಹಿಡಿದಿರಿ.

“ನೀವೊಂದ್ ಗುಟುಕು ಕುಡ್ದು ಏಳಿ ಅಮ್ಮಾ. ನೀವ್ ಏಳಿದ್ನ ಒಪ್ಕೊಂತೀನಿ.”

ಕುಡಿದೆ. ಅಷ್ಟು ಒಳ್ಳೆಯ ಕಾಫಿ ಮತ್ತೆ ನನ್ನ ಬಾಯಿಗೆ ಬಿದ್ದಿಲ್ಲ. ಆದರೆ ಸರಿಯಾಗಿದೆ ಎಂದಿದ್ದರೆ, ಹಾಗಾದರೆ ಕಹಿ ಎಲ್ಲಿಂದ ಬಂತು ಎಂದು ಮಾವ ಕೇಳುತ್ತಿದ್ದರು, ಪೈಪ್ ಅವರ ಕೈಯಲ್ಲೇ ಇತ್ತು —

“ಸ್ವಲ್ಪ ಸೀದಿರೋ ಹಾಗಿದೆ” ಎಂದೆ.

ನೀವು ಮಾವನನ್ನು ನೋಡಲಿಲ್ಲ, ನನ್ನನ್ನು ನೋಡಿದಿರಿ. ಒಲೆ ಆರಿಸಿ, ಹೆಗಲ ಮೇಲಿನ ಟವೆಲಿನಿಂದ ಕೈ ಒರೆಸಿಕೊಂಡು ಹೊರಟಿರಿ. ಹೆಸರಘಟ್ಟದ ಬಸ್ಸು ಹತ್ತಿದವರು ಮತ್ತೆ ಬರಲಿಲ್ಲ. ನಾನು ಕ್ಯಾರಿಯರ್ ಬಿಚ್ಚಿ ಮಾವನಿಗೆ ಊಟ ಬಡಿಸಿದೆ.

ಕೆಲವು ತಿಂಗಳಲ್ಲಿ ಮಾವ ಮಂಡಿನೋವು ಎಂದು ಅಂಗಡಿ ಮುಚ್ಚಿದರು. ಪೈಪನ್ನೂ ಬಿಟ್ಟು ಡಬ್ಬಿಗೆ ಹಾಕಿದರು. ನಾನು ಒಳಗೊಳಗೇ ಹಿಗ್ಗಿದೆ.

ಕಳೆದ ವಾರ ನನ್ನ ಮಗ — ಆಗಿನ ಕೈಗೂಸು, ಈಗ ಮೀಸೆ ಬಂದಿದೆ — ಹೆಬ್ಬಾಳದಿಂದ ಯಾವುದೋ ಹೊಸ ಕಾಫಿಪುಡಿ ತಂದ. ಡಿಕಾಕ್ಷನ್ ಹಾಕಿ, ಹೇಗಿದೆ ಹೇಳಿ ಎಂದು ತಾತನ ಮುಂದೆ ಲೋಟ ಇಟ್ಟ. ಮಾವ ಲೋಟ ಮುಟ್ಟಲಿಲ್ಲ.

“ನನ್ ಕೇಳ್ಬೇಡ ಕಣೋ. ರಂಗಪ್ಪ ಹೋದ್ಮೇಲೆ ಯಾರ್ ಹುರಿದ್ರೂ ಕಹೀನೇ. ನನ್ ನಾಲಿಗೆ ಸತ್ತೋಗಿದೆ ಅಂತ ಆಗ್ಲೇ ಗೊತ್ತಾಯ್ತು. ಗಿರಾಕಿಗಳಿಗೆ ಮೋಸ ಮಾಡ್ಬಾರ್ದು ಅಂತ ಅಂಗಡಿ ಮುಚ್ಚಿದ್ದು. ಮಂಡಿನೋವು ಅಂದಿದ್ದು ಸುಳ್ಳು.”

ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು, ನೋಡುತ್ತಲೇ ನಿಂತಿದ್ದೆ. ಇಷ್ಟು ವರ್ಷ ಈ ಮನುಷ್ಯ ಸಾರಿಗೆ ಉಪ್ಪು ಸಾಲದು ಎಂದು ಒಮ್ಮೆಯೂ ಹೇಳಿರಲಿಲ್ಲ. ಒಳ್ಳೆಯತನ ಎಂದುಕೊಂಡಿದ್ದೆ. ತಮ್ಮ ನಾಲಿಗೆಯನ್ನೇ ನಂಬದವರು ಏನು ಹೇಳಿಯಾರು? ಡಬ್ಬಿಯಿಂದ ಪೈಪ್ ತೆಗೆದು ಆ ಕೊಳವೆಯನ್ನು ಮೊದಲ ಸಲ ನನ್ನ ಬಾಯಿಗೆ ಇಟ್ಟುಕೊಂಡೆ. ಥೂ — ಎಷ್ಟು ಸಲ ಬಾಯಿ ಮುಕ್ಕಳಿಸಿದರೂ ಹೋಗಲಿಲ್ಲ.

ಎಲ್ಲವನ್ನೂ ಮಾವನಿಗೆ ಹೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಆ ಕೊಳವೆಯನ್ನು ಕೈಗೆ ತೆಗೆದುಕೊಂಡು ಒಂದೇ ಮಾತು ಕೇಳಿದರು. “ಹಂಗಾದ್ರೆ ಅವತ್ತು ರಂಗಪ್ಪ ಹುರಿದಿದ್ದು ಸರಿಯಾಗೇ ಇತ್ತಾ?”

ಹೌದು ಎಂದೆ. ಅವರು ಮುಖ ತಿರುಗಿಸಿಕೊಂಡರು.

ಭಾನುವಾರ ಹೆಸರಘಟ್ಟದ ನಿಮ್ಮ ಮನೆಗೆ ಬರುತ್ತಿದ್ದೇವೆ. ಕ್ಷಮೆ ತಾವೇ ಕೇಳಬೇಕು ಎಂದು ಮಾವನ ಹಟ. ಮೊದಲ ಮಾತು ನನ್ನದು ಎಂದಿದ್ದೇನೆ. ನೀವು ಒಳಗೆ ಕರೆಯಬೇಕಾಗಿಲ್ಲ, ಕ್ಷಮಿಸಬೇಕಾಗಿಯೂ ಇಲ್ಲ. ಬಾಗಿಲು ತೆರೆಯದಿದ್ದರೆ ಅಂಗಳದಲ್ಲೇ ನಿಂತು, ಅಕ್ಕಪಕ್ಕದವರಿಗೂ ಕೇಳುವ ಹಾಗೆ ಹೇಳುತ್ತೇನೆ — ರಂಗಪ್ಪನವರ ಕೈ ಅವತ್ತು ಹದ ತಪ್ಪಿರಲಿಲ್ಲ.