ಕಪಾಟಿಗೆ ಹೋದ ಕೌದಿ

೧೯೭೯ರಲ್ಲಿ ನಾನು ಹುನಗುಂದ ತಾಲೂಕಿನ ಒಂದು ದವಾಖಾನೆಯಲ್ಲಿ, ಹೆಂಗಸರ ಟಿ.ಬಿ. ವಾರ್ಡಿನ ಸ್ಟಾಫ್ ನರ್ಸ್ ಆಗಿದ್ದೆ. ಹತ್ತು ಮಂಚ, ಒಂದು ಪಡಸಾಲೆ, ಒಂದು ಕಪಾಟು. ಕಪಾಟಿನ ಕೀಲಿ ಸದಾ ನನ್ನ ಸೊಂಟದಲ್ಲಿರುತ್ತಿತ್ತು. ಆ ಕೀಲಿಯಿಂದ ನಾನು ಮಾಡಿದ ಒಂದು ಕೆಲಸವನ್ನು ಮುಚ್ಚಿಟ್ಟು ನನ್ನ ಸರ್ವಿಸಿನ ಬಗ್ಗೆ ಏನು ಬರೆದರೂ ಅದು ಸುಳ್ಳೇ.

ಆಗ ಟಿ.ಬಿ. ಚಿಕಿತ್ಸೆ ಎಂದರೆ ವರ್ಷ ದಾಟುವ ಕೆಲಸ. ಮೊದಲ ಕೆಲವು ತಿಂಗಳು ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್, ಜೊತೆಗೆ ಗುಳಿಗೆ. ನಡುವೆ ಬಿಟ್ಟರೆ ರೋಗ ಮತ್ತೆ ಏಳುತ್ತದೆ, ಎರಡನೆಯ ಸಲ ಅದೇ ಔಷಧಕ್ಕೆ ಬಗ್ಗುವುದಿಲ್ಲ. ರೋಗಿ ಎದ್ದು ಹೋಗದಂತೆ ನೋಡಿಕೊಳ್ಳುವುದೇ ನಮ್ಮ ಅರ್ಧ ಕೆಲಸವಾಗಿತ್ತು.

ಕಸ್ತೂರಿ ಎದ್ದು ಹೋಗುವವಳೇ ಎಂದು ಮೊದಲ ದಿನವೇ ಅನ್ನಿಸಿತ್ತು. ಇಳಕಲ್ಲಿನ ನೇಕಾರರ ಮನೆಯ ಸೊಸೆ, ಇಪ್ಪತ್ತೆರಡರ ವಯಸ್ಸು. ತಂದು ಬಿಟ್ಟು ಹೋದ ಗಂಡ ತಿರುಗಿ ಬಂದಿರಲಿಲ್ಲ. ಅವಳು ಮಾತಾಡುತ್ತಿರಲಿಲ್ಲ, ರೊಟ್ಟಿ ಮುರಿದು ಹಾಗೇ ಬಿಡುತ್ತಿದ್ದಳು. ನಾನು ಹಿಂದಿನ ವರ್ಷವಷ್ಟೇ ಒಂದು ತರಬೇತಿಗೆ ಹೋಗಿ ಬಂದಿದ್ದೆ. ರೋಗಿಗಳ ಕೈಗೆ ಬಣ್ಣ ಕೊಟ್ಟರೆ ಮನಸ್ಸು ಬಿಚ್ಚುತ್ತದೆ, ಒಬ್ಬರಿಗೊಬ್ಬರು ಆಗುತ್ತಾರೆ, ಅದು ಆರ್ಟ್ ಥೆರಪಿ ಎಂದು ಅಲ್ಲಿ ಕಲಿಸಿದ್ದರು. ಬಾಗಲಕೋಟೆಯಿಂದ ಕ್ರೇಯಾನ್ ಡಬ್ಬಿ ತರಿಸಿ ಮೂರು ವಾರ ಹಂಚಿದೆ. ಹೆಂಗಸರು ನನ್ನ ಮರ್ಯಾದೆ ಉಳಿಸಲೆಂದು ಒಂದೊಂದು ತುಳಸಿಕಟ್ಟೆ ಬರೆದುಕೊಟ್ಟರು. ಕಸ್ತೂರಿ ಡಬ್ಬಿಯ ಮುಚ್ಚಳವನ್ನೂ ತೆಗೆಯಲಿಲ್ಲ.

ಅಷ್ಟರಲ್ಲಿ ಗುಡೂರಿನ ನೀಲವ್ವ ಬಂದು ಸೇರಿದಳು. ಬೀರಪ್ಪ ದೇವರ ಒಕ್ಕಲಿನ ಕುರುಬರ ಮುದುಕಿ, ಅಕ್ಷರ ಗೊತ್ತಿಲ್ಲ. ಎರಡನೆಯ ದಿನವೇ ಗಂಟು ಬಿಚ್ಚಿ, ಹಳೆಯ ಸೀರೆಗಳನ್ನು ಪಡಸಾಲೆಯಲ್ಲಿ ಪದರು ಪದರಾಗಿ ಹಾಸಿ ಕೌದಿ ಹೊಲಿಯಲು ಕೂತಳು. ಮಂಚದಿಂದ ನೋಡುತ್ತಿದ್ದ ಕಸ್ತೂರಿ ತಡೆಯಲಾರದೆ, ‘ಯವ್ವಾ, ದಾರ ಭಾಳ ಜಗ್ಗಾಕತ್ತಿ. ಸೀರಿ ಅರಬಿ ಮುದುಡತೈತಿ,’ ಅಂದಳು.

‘ಹಂಗಾರ ನೀನ ಬಂದು ತೋರ್ಸು,’ ಅಂದಳು ಮುದುಕಿ.

ಮೂರು ವಾರ ನಾನು ಕಾದಿದ್ದ ಮಾತು ಒಂದು ಸೊಟ್ಟ ಹೊಲಿಗೆಗೆ ಹೊರಬಿತ್ತು. ಖರೆ ಹೇಳುತ್ತೇನೆ, ನನಗೆ ಸಂತೋಷವಾಗಲಿಲ್ಲ. ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು.

ತಿಂಗಳೊಳಗೆ ಇಡೀ ವಾರ್ಡು ಆ ಕೌದಿಯ ಸುತ್ತ ಕೂತಿತ್ತು. ಒಬ್ಬೊಬ್ಬರ ಮನೆಯಿಂದ ಒಂದೊಂದು ತುಂಡು ಬಂತು. ತವರಿನ ಸೀರೆ, ಸತ್ತ ಮಗುವಿನ ಅಂಗಿ, ಪ್ರತಿಯೊಂದಕ್ಕೂ ಒಂದು ಕಥೆ. ಯಾರಿಗಾದರೂ ಕೆಮ್ಮು ಜೋರಾದರೆ ಪಕ್ಕದವಳು ಅವಳ ಪಾಲಿನ ಬಾಜೂವನ್ನೂ ಹೊಲಿಯುತ್ತಿದ್ದಳು. ಕಸ್ತೂರಿ ತನ್ನ ಮದುವೆ ಸೀರೆಯ ತೆನಿ ಚಿತ್ತಾರದ ಸೆರಗನ್ನೇ ಕತ್ತರಿಸಿ ಕೊಟ್ಟಳು. ‘ರೊಟ್ಟಿ ತಿಂದ ಕೈಗಷ್ಟ ಸೂಜಿ’ ಎಂದು ನೀಲವ್ವ ಕಾಯ್ದೆ ಮಾಡಿದ್ದರಿಂದ ತಿನ್ನತೊಡಗಿದಳು, ಎರಡು ಕಿಲೊ ತೂಕವೂ ಏರಿತು. ಚಾರ್ಟ್ ನೋಡಿದ ಡಾಕ್ಟರು, ‘ಸಿಸ್ಟರ್, ನಿಮ್ಮ ಟ್ರೇನಿಂಗ್ ಕೆಲಸಕ್ಕ ಬಂತು ನೋಡ್ರಿ,’ ಅಂದರು. ನಾನು ಅಲ್ಲವೆನ್ನಲಿಲ್ಲ. ಆದರೆ ನಾನು ಪಡಸಾಲೆಗೆ ಬಂದರೆ ಅವರ ನಗು ನಿಂತುಬಿಡುತ್ತಿತ್ತು, ನೀಲವ್ವನಿಗೆ ಹೇಳಿದ್ದನ್ನು ಯಾರೂ ನನಗೆ ಹೇಳುತ್ತಿರಲಿಲ್ಲ. ಅದನ್ನು ನನ್ನಿಂದ ಸಹಿಸಲಾಗಲಿಲ್ಲ.

ಒಂದು ಬೆಳಿಗ್ಗೆ, ಹಳೆ ಬಟ್ಟೆಯ ಧೂಳಿನಿಂದ ಸೋಂಕು ಎಂದು ಹೇಳಿ ಕೌದಿ, ಸೂಜಿ ಎಲ್ಲವನ್ನೂ ಕಪಾಟಿಗೆ ಹಾಕಿ ಕೀಲಿ ತಿರುವಿದೆ. ‘ನಿಮ್ಮ ದವಾಖಾನಿ, ನಿಮ್ಮ ಕಾಯ್ದೆರಿ,’ ಎಂದಷ್ಟೇ ಅಂದಳು ನೀಲವ್ವ. ಮರುದಿನ ನಾನು ಮತ್ತೆ ಕ್ರೇಯಾನ್ ಹಂಚಿದೆ!

ನಾಲ್ಕನೆಯ ದಿನ ಕಸ್ತೂರಿಯ ರೊಟ್ಟಿ ತಾಟಿನಲ್ಲೇ ಉಳಿಯಿತು. ಆರನೆಯ ದಿನ ಇಂಜೆಕ್ಷನ್ನಿಗೆ ಮೈಕೊಡಲಿಲ್ಲ. ಎಂಟನೆಯ ದಿನ ಮಂಚ ಖಾಲಿ.

ಬಸ್ ಸ್ಟ್ಯಾಂಡಿಗೆ ಓಡಿದೆ. ಗಂಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ‘ಈಗ ಬಿಟ್ರ ಜೀವಕ್ಕ ಅಪಾಯ ಐತಿ, ಬಾ,’ ಅಂದೆ. ಅವಳು ಮುಖ ತಿರುಗಿಸಿದಳು. ಇಳಕಲ್ ಬಸ್ಸಿಗೆ ಇನ್ನೂ ಸ್ವಲ್ಪ ಹೊತ್ತಿತ್ತು. ನನಗೆ ಉಳಿದದ್ದು ಒಂದೇ ದಾರಿ. ವಾರ್ಡಿಗೆ ಬಂದು ನೀಲವ್ವನ ಮುಂದೆ ನಿಂತೆ.

‘ನೀ ಕರದ್ರ ಬರ್ತಾಳ, ಯವ್ವಾ,’ ಅಂದೆ.

‘ಮೊದಲ ಕಪಾಟ ತಗೀರಿ,’ ಅಂದಳು ಮುದುಕಿ. ‘ಬರಿಗೈಲೆ ಹೆಂಗ ಕರೀಲಿ?’

ಕೌದಿ ನಾನು ಹೊತ್ತೆ. ನೀಲವ್ವ ಕೆಮ್ಮುತ್ತ ನನ್ನ ಹೆಗಲು ಹಿಡಿದು ಬಂದಳು. ಅಲ್ಲಿ ಅವಳೇನೂ ಬೇಡಿಕೊಳ್ಳಲಿಲ್ಲ. ಕೌದಿಯ ಒಂದು ತುದಿಯನ್ನು ಕಸ್ತೂರಿಯ ತೊಡೆಗೆ ಹಾಕಿ, ‘ನಿನ್ನ ಬಾಜೂ ಅರ್ಧಕ್ಕ ನಿಂತೈತಿ. ಯಾರು ಹೊಲೀಬೇಕು?’ ಎಂದು ಬೈದಳು. ಬಸ್ಸು ಬಂದು ಹೋಯಿತು. ಕಸ್ತೂರಿ ಹೊಲಿಗೆಯ ಮೇಲೆ ಬೆರಳಾಡಿಸುತ್ತ ಕೂತಿದ್ದು, ಕೊನೆಗೆ ಎದ್ದಳು.

ತಿರುಗಿ ಬರುವಾಗ ನೀಲವ್ವನನ್ನು ಕೇಳಿದೆ: ‘ಇದರಾಗ ನನ್ನ ತುಂಡಿಗೆ ಜಾಗಾ ಇಟ್ಟಿದ್ದಿಯೇನು?’

‘ಇಲ್ರಿ ಸಿಸ್ಟರ್, ಇಟ್ಟಿರಲಿಲ್ಲ,’ ಎಂದು ನೀಲವ್ವ ನಕ್ಕಳು. ‘ಬೇಕಂದ್ರ ಬಿಚ್ಚೂಣು.’

ತನ್ನ ಬಾಜೂವಿನದೇ ಒಂದು ಗೇಣು ಬಿಚ್ಚಿದಳು. ನನ್ನ ಬಿಳಿ ಯೂನಿಫಾರ್ಮ್ ಸೀರೆಯ ತುಂಡು ಅಲ್ಲಿ ಕೂತಿತು. ಕಸ್ತೂರಿಯ ತೂಕ ಏರಿಸಿದ್ದು ನನ್ನ ಟ್ರೇನಿಂಗ್ ಅಲ್ಲ, ನೀಲವ್ವನ ಕೌದಿ ಎಂದು ಡಾಕ್ಟರಿಗೆ ನಿಜ ಹೇಳಿದ್ದೂ ಅಂದೇ.

ಕಸ್ತೂರಿ ಪೂರ್ತಿ ಚಿಕಿತ್ಸೆ ಮುಗಿಸಿದಳು. ಕೊನೆಯ ಕಫ ಪರೀಕ್ಷೆಯಲ್ಲಿ ರೋಗಾಣು ಸಿಗಲಿಲ್ಲ. ಹೊರಡುವ ದಿನ ನೀಲವ್ವನ ಕಾಲು ಹಿಡಿದು ಅತ್ತಳು. ನನಗೆ, ‘ಬರ್ತೇನ್ರಿ ಸಿಸ್ಟರ್,’ ಅಂದಳು, ಅಷ್ಟೇ. ಆಗಲೂ ನನ್ನ ಹೊಟ್ಟೆ ಉರಿಯಿತು. ನನ್ನ ಕೈಯಲ್ಲಾಗದ್ದು ಇನ್ನೊಬ್ಬರ ಕೈಯಲ್ಲಾದರೆ ಇಂದಿಗೂ ಉರಿಯುತ್ತದೆ, ನೌಕರಿ ಅದನ್ನು ಬಿಡಿಸಲಿಲ್ಲ. ಉರಿಯುವ ಹೊತ್ತಿನಲ್ಲಿ ಕೀಲಿಗೆ ಕೈ ಹಾಕಬಾರದು ಎಂದಷ್ಟೇ ಕಲಿಸಿತು.