ಖಾಲಿ ಮಾಡದ ಖಾನೆ

ಬೆಳಗಿನ ಐದೂವರೆ ಗಂಟೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಲಿಫ್ಟಿನ ಯಂತ್ರಕ್ಕೂ ಮುರಿದ ಗಾಲಿಕುರ್ಚಿಗಳ ರಾಶಿಗೂ ನಡುವಿನ ಕಿರುಕೋಣೆಯಲ್ಲಿ ಐವತ್ತಾರರ ಹೆಂಗಸೊಬ್ಬರು ಕನ್ನಡಕ ಹಣೆಗೇರಿಸಿ, ಮೂಗು ತಾಗುವಷ್ಟು ಪರದೆಯತ್ತ ಬಾಗಿದ್ದಾರೆ. ರಕ್ತಪರೀಕ್ಷೆಯ ವರದಿ ತಯಾರಿಸುವ ಪ್ರೋಗ್ರಾಮನ್ನು ನಿಲ್ಲಿಸಿ ಮತ್ತೆ ಶುರುಮಾಡಲು ಅವರಿಗೆ ಸಿಗುವುದು ಈ ಅರ್ಧ ಗಂಟೆ ಮಾತ್ರ. ಆರಕ್ಕೆ ವಾರ್ಡುಗಳಿಂದ ಟ್ಯೂಬುಗಳು ಬರತೊಡಗಿದರೆ ಮುಗಿಯಿತು, ಉಸಿರಾಡಲೂ ಪುರುಸೊತ್ತಿಲ್ಲ.

"ಹದಿನಾರೂ ಎದ್ವು," ಎನ್ನುತ್ತಾರೆ, ಹಸುಗಳನ್ನು ಎಣಿಸಿದಂತೆ. ಆಮೇಲಷ್ಟೇ ಫ್ಲಾಸ್ಕಿನ ಮುಚ್ಚಳ ತೆಗೆಯುತ್ತಾರೆ.

ಎದ್ದದ್ದು ಥ್ರೆಡ್‌ಗಳು. ಒಂದೇ ಪ್ರೋಗ್ರಾಮಿನೊಳಗೆ ಏಕಕಾಲಕ್ಕೆ ಓಡುವ ಹದಿನಾರು ಎಳೆಗಳು. ದಿನಕ್ಕೆ ಆರು ಸಾವಿರಕ್ಕೂ ಹೆಚ್ಚು ವರದಿಗಳು ಇವುಗಳ ಕೈಯಿಂದ ಹೊರಬೀಳುತ್ತವೆ. ಸಿ ಭಾಷೆಯಲ್ಲಿ ಬರೆದ ಒಂದು ಲಕ್ಷ ಎಂಬತ್ತು ಸಾವಿರ ಸಾಲುಗಳ ಈ ಪ್ರೋಗ್ರಾಮನ್ನು ಅವರು ಇಪ್ಪತ್ತೇಳು ವರ್ಷದಿಂದ ಸಾಕುತ್ತಿದ್ದಾರೆ. ಅದನ್ನು ಮೊದಲು ಬರೆದವರೆಲ್ಲ ಬೇರೆ ಕಡೆ ಹೋದರು. ಇವರು ಉಳಿದರು.

ಏನು ಕೆಲಸ ಎಂದು ಕೇಳಿದರೆ ಸುತ್ತಿ ಬಳಸಿ ಹೇಳುವುದಿಲ್ಲ. "ಹದಿನಾರು ಗುಮಾಸ್ತರಿಗೆ ಒಂದೇ ಮೇಜು ಕೊಟ್ರೆ ಇವನ ಕಾಗದ ಅವನ ಫೈಲಿಗೆ ಸೇರತ್ತೆ. ಅದಕ್ಕೆ ಒಬ್ಬೊಬ್ಬರಿಗೂ ಒಂದೊಂದು ಖಾನೆ. ಎಲ್ಲಾ ಖಾನೆ ಮೇಲೂ 'ಈಗಿನ ರೋಗಿ' ಅಂತ ಒಂದೇ ಹೆಸರು. ಆದ್ರೆ ಯಾರು ತೆಗೀತಾರೋ ಅವರದ್ದೇ ಕಾಗದ ಸಿಗತ್ತೆ. ಖಾನೆ ಕೊಡೋದೇನೂ ದೊಡ್ಡದಲ್ಲ. ಕೆಲಸ ಮುಗಿದ್ಮೇಲೆ ಖಾಲಿ ಮಾಡ್ಬೇಕಲ್ಲ, ಅದು ಯಾರಿಗೂ ನೆನಪಿರಲ್ಲ." ಸಿ ಭಾಷೆ ಯಾರ ಕಸವನ್ನೂ ತಾನಾಗಿ ಎತ್ತುವುದಿಲ್ಲ. ಇದನ್ನು ಸಭೆ ಸಭೆಯಲ್ಲೂ ಹೇಳಿ ಹೇಳಿ ಅವರಿಗೆ ಮೇಲಿನ ಮಹಡಿಯ ಅಧಿಕಾರಿಗಳು ಇಟ್ಟ ಅಡ್ಡಹೆಸರು 'ಪೊರಕೆ ಮೇಡಂ'.

ಮೂರು ವರ್ಷದ ಹಿಂದಿನವರೆಗೆ ಪ್ರತಿ ವರದಿಗೂ ಒಂದು ಹೊಸ ಎಳೆ ಹುಟ್ಟುತ್ತಿತ್ತು, ವರದಿ ಮುಗಿದೊಡನೆ ಸಾಯುತ್ತಿತ್ತು. ಸಾಯುವಾಗ ಅದರ ಖಾನೆ ತೆರವು ಮಾಡುವ ಪುಟ್ಟ ಫಂಕ್ಷನ್ನನ್ನು ಇವರೇ ಬರೆದಿದ್ದರು. ಹೊಸದಾಗಿ ಬಂದ ವಿಭಾಗದ ಮುಖ್ಯಸ್ಥರಿಗೆ ಇದು ನಿಧಾನ ಎನಿಸಿತು. ಹದಿನಾರು ಎಳೆಗಳನ್ನು ಕಾಯಂ ಇಟ್ಟುಕೊಂಡು ಅವುಗಳಿಂದಲೇ ಎಲ್ಲ ಕೆಲಸ ಮಾಡಿಸಲು ಆದೇಶವಾಯಿತು. "ಎಳೆ ಸಾಯದಿದ್ರೆ ಖಾನೆ ಖಾಲಿ ಆಗಲ್ಲ ಸರ್, ಹಿಂದಿನ ರೋಗಿ ನಂಬರು ಒಳಗೇ ಕೂತಿರತ್ತೆ" ಎಂದು ಇವರು ಎರಡು ಸಲ ಬರೆದು ತಿಳಿಸಿದರು. "ಪೊರಕೆ ಬದಿಗಿಡಿ ಮೇಡಂ" ಎಂಬ ಉತ್ತರ ಬಂತು, ಜೊತೆಗೊಂದು ನಗುವ ಮುಖದ ಚಿತ್ರ.

ಐದು ತಿಂಗಳು ಏನೂ ಆಗಲಿಲ್ಲ. ಹೊಸ ನಂಬರು ಬಂದಾಗಲೆಲ್ಲ ಹಳೆಯದನ್ನು ಅಳಿಸಿ ಕೂರುತ್ತಿತ್ತು. ಆರನೇ ತಿಂಗಳಲ್ಲಿ ಒಂದು ಟ್ಯೂಬಿನ ಮೇಲಿನ ಪಟ್ಟಿ ಒದ್ದೆಯಾಗಿ ನಂಬರು ಅಳಿಸಿಹೋಯಿತು. ಖಾನೆ ಖಾಲಿ ಇದ್ದಿದ್ದರೆ ಪ್ರೋಗ್ರಾಮು ಅಲ್ಲೇ ನಿಂತು ಯಾರದಿದು ಎಂದು ಕೇಳುತ್ತಿತ್ತು. ಖಾನೆಯಲ್ಲಿ ಹಿಂದಿನ ರೋಗಿಯ ನಂಬರಿತ್ತು. ಒದ್ದೆಯಾದ ಟ್ಯೂಬು ಆರೋಗ್ಯವಂತ ಹುಡುಗಿಯೊಬ್ಬಳದು; ಅವಳ ಫಲಿತಾಂಶ ಆ ಹಿಂದಿನ ರೋಗಿಯ, ಅಂದರೆ ಒಬ್ಬ ಲಾರಿ ಚಾಲಕನ ಹೆಸರಿಗೆ ಹೋಗಿ ಅವನ ಸ್ವಂತ ಫಲಿತಾಂಶವನ್ನು ಅಳಿಸಿಹಾಕಿತು. ಅಪಾಯದ ಗಡಿ ದಾಟಿದ್ದ ಅವನ ಪೊಟ್ಯಾಸಿಯಂ 'ಸರಿಯಾಗಿದೆ' ಎಂದಾಯಿತು. ಮನೆಗೆ ಕಳಿಸಿದರು. ಎರಡನೇ ದಿನ ಪ್ರಜ್ಞೆಯಿಲ್ಲದೆ ಹೊತ್ತು ತಂದರು. ಬದುಕಿದ, ಆದರೆ ಮತ್ತೆ ಸ್ಟೀರಿಂಗ್ ಹಿಡಿಯಲಿಲ್ಲ.

ವಿಚಾರಣೆ ಒಂದು ಗಂಟೆ ನಡೆಯಿತು. ಟ್ಯೂಬುಗಳನ್ನು ಅದಲುಬದಲು ಮಾಡಿದ್ದು ಪ್ರಯೋಗಾಲಯದ ಟೆಕ್ನಿಷಿಯನ್ ಎಂದು ತೀರ್ಮಾನವಾಯಿತು. ಹದಿನಾಲ್ಕು ವರ್ಷದ ನೌಕರಿ ಒಂದೇ ಸಹಿಯಲ್ಲಿ ಹೋಯಿತು.

ಪೊರಕೆ ಮೇಡಂ ಹತ್ತೊಂಬತ್ತು ದಿನ ಕೂತು ಆ ತಪ್ಪು ಮತ್ತೆ ಆಗುವಂತೆ ಮಾಡಿ ತೋರಿಸಿದರು. ಹತ್ತೊಂಬತ್ತು ಪುಟಗಳ ವರದಿ ಕೊಟ್ಟರು. ಮುಖ್ಯಸ್ಥರು ಪುಟ ತಿರುವಿ, ಬಾಗಿಲು ಮುಚ್ಚಿಸಿ ಹೇಳಿದ್ದು ಇಷ್ಟು: "ಆಗಿದ್ದು ಆಗಿಹೋಯ್ತು. ಸರಿಮಾಡಿ, ಸಾಕು. ಇದು ನನ್ನ ಹತ್ರಾನೇ ಇರ್ಲಿ. ನಿಮ್ಮ ಯಜಮಾನರ ಡಯಾಲಿಸಿಸ್ ಇಲ್ಲೇ ಅಲ್ವಾ ನಡೀತಿರೋದು?"

ಅವರು ಸರಿಮಾಡಿದರು. ಕೆಲಸ ಶುರುವಾಗುವ ಮುನ್ನ ಖಾನೆ ಖಾಲಿಮಾಡುವ ಎರಡೇ ಸಾಲು. ಸುತ್ತೋಲೆಯಲ್ಲಿ ಅದು 'ಸಾಮಾನ್ಯ ಸುಧಾರಣೆ' ಆಯಿತು. ವರದಿಗಳ ವೇಗ ಹೆಚ್ಚಿಸಿದ್ದಕ್ಕೆ ಮುಖ್ಯಸ್ಥರಿಗೆ ಶಾಲು, ಫಲಕ. ಇವರು ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದರು.

"ತಟ್ಟಿದೆ ಕಣ್ರೀ. ಸುಳ್ಳು ಯಾಕೆ ಹೇಳ್ಲಿ?" ಎನ್ನುವಾಗ ಅವರ ದನಿ ಗರಗಸದಂತಿದೆ. "ವಾರಕ್ಕೆ ಮೂರು ಸಲ ಇವರನ್ನ ಆ ಯಂತ್ರದ ಪಕ್ಕ ಮಲಗಿಸ್ಬೇಕಿತ್ತು. ಬಾಯಿಗೆ ಬೀಗ ಹಾಕ್ಕೊಂಡೆ." ಬಸ್ ಮೆಕ್ಯಾನಿಕ್ ಆಗಿದ್ದ ಗಂಡನಿಗೆ ಹೆಂಡತಿಯ ಕೆಲಸದ ಗಂಧಗಾಳಿ ಇರಲಿಲ್ಲ. "ನಿನ್ನ ಪ್ರೋಗ್ರಾಮು ನಂಗೆ ತಿಳಿಯಲ್ಲ ಕಣೇ. ಆದ್ರೆ ನಿದ್ದೇಲಿ ಹಲ್ಲು ಕಡೀತೀಯಲ್ಲ, ಅದು ತಿಳಿಯತ್ತೆ" ಎನ್ನುತ್ತಿದ್ದರಂತೆ. ಬಾಯಿಬಿಡದೆ ಎಂಟು ತಿಂಗಳು ಕಳೆದವು. ಗಂಡ ತೀರಿಕೊಂಡರು.

ಮರುವಾರವೇ ಅವರು ಆ ಹತ್ತೊಂಬತ್ತು ಪುಟಗಳ ಪ್ರತಿ ಹಿಡಿದು ಟೆಕ್ನಿಷಿಯನ್ನನ್ನು ಹುಡುಕಿಕೊಂಡು ಹೋದರು. ಜೆರಾಕ್ಸ್ ಅಂಗಡಿಯಲ್ಲಿ ಕಾಗದ ತುಂಬುತ್ತಿದ್ದ ಅವನು ನಿಂತಲ್ಲೇ ಓದಿದ. ಎರಡನೇ ಪುಟಕ್ಕೇ ನಿಲ್ಲಿಸಿ, "ಇದೆಲ್ಲ ನಂಗೆ ಬೇಡ ಮೇಡಂ. ಮನೆಗೆ ಬಂದು ನನ್ನ ಹೆಂಡ್ತಿಗೊಂದು ಮಾತು ಹೇಳಿ. ನಾನು ಹೇಳಿದ್ರೆ ನಂಬಲ್ಲ" ಅಂದ.

ಹೋದರು. ಅವನ ಹೆಂಡತಿ ಸೊಪ್ಪು ಬಿಡಿಸುತ್ತ ಎಲ್ಲವನ್ನೂ ಕೇಳಿದಳು. ಕೊನೆಗೆ ತಲೆಯೆತ್ತಿ, "ಅಕ್ಕಾ, ಇದು ನಿಮಗೆ ಆಗ್ಲೇ ಗೊತ್ತಿತ್ತಾ?" ಎಂದಳು.

"ಹೂಂ ಅಂದೆ," ಎನ್ನುತ್ತಾರೆ. "ಅವಳು ಮತ್ತೆ ಸೊಪ್ಪು ಬಿಡಿಸೋಕೆ ಶುರುಮಾಡಿದ್ಳು. ಬೈದಿದ್ರೆ ಎದ್ದು ಬರೋಕೆ ಸುಲಭ ಆಗ್ತಿತ್ತು."

ಆಮೇಲೆ ಆಡಳಿತ ಮಂಡಳಿಗೆ ಬರೆದ ಮೂರು ಪತ್ರಗಳಿಗೂ ಒಂದೇ ಉತ್ತರ: ಪ್ರಕರಣ ಮುಗಿದಿದೆ. ನಿವೃತ್ತಿಗೆ ಇನ್ನೆರಡು ವರ್ಷ. ಈ ಕೋಣೆಗೆ ಮುಂದೆ ಯಾರು ಬರುತ್ತಾರೆಂಬುದು ಯಾರಿಗೂ ಗೊತ್ತಿಲ್ಲ. ಬರುವವರಿಗಾಗಿ ಅವರು ಪ್ರೋಗ್ರಾಮಿನೊಳಗೆ, ಆ ಎರಡು ಸಾಲುಗಳ ನೆತ್ತಿಯ ಮೇಲೆ, ಒಂದು ಟಿಪ್ಪಣಿ ಬರೆದಿಟ್ಟಿದ್ದಾರೆ. 'ಇದನ್ನು ತೆಗೆಯಬೇಡಿ. ಇದು ಇಲ್ಲದಿದ್ದಾಗ ಒಬ್ಬ ರೋಗಿ ಸಾವಿನ ಬಾಯಿಗೆ ಹೋಗಿ ಬಂದ. ಶಿಕ್ಷೆ ಟೆಕ್ನಿಷಿಯನ್ನಿಗೆ ಆಯಿತು. ತಪ್ಪು ಅವನದಲ್ಲ.'

ಮೇಲಿನವರು ಅದನ್ನು ಎರಡು ಸಲ ಅಳಿಸಿದ್ದಾರೆ.

"ಎರಡು ಸಲಾನೂ ಮತ್ತೆ ಬರೆದೆ," ಎಂದು ಅವರು ಕನ್ನಡಕ ಕೆಳಗಿಳಿಸುತ್ತಾರೆ. "ಮಾತಾಡ್ಬೇಕಾದಾಗ ಮಾತಾಡ್ಲಿಲ್ಲ. ಈಗ ಅಳಿಸೋಕೆ ಅವರಿಗೆ ಎಷ್ಟು ಪುರುಸೊತ್ತಿದೆಯೋ, ಬರೆಯೋಕೆ ನಂಗೂ ಅಷ್ಟೇ ಇದೆ."