ಡಂಬಳದ ಎರಡನೆಯ ಒಲೆ

ಸೋಮವಾರ ಬೆಳಿಗ್ಗೆ ಏಳಕ್ಕೆ ಗದಗಿನಲ್ಲಿ ಲಕ್ಷ್ಮೇಶ್ವರದ ಬಸ್ಸು ಹತ್ತುವಾಗಲೇ ನನಗೆ ಸುಸ್ತಾಗಿತ್ತು. ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ನನ್ನ ಖರ್ಚೆಲ್ಲ ಆಟೋಕ್ಕೆ, ಚಹಾಕ್ಕೆ ಮತ್ತು ಮೊಣಕಾಲಿನ ಮುಲಾಮಿಗೆ.

ನನ್ನ ಕೆಲಸ ಹೇಳುವುದಕ್ಕೆ ಸುಲಭ. ಹಳ್ಳಿ-ಪೇಟೆಯ ಮನೆಗಳನ್ನು ಕಡಿಮೆ ಗಳಿಕೆಯಿಂದ ಹೆಚ್ಚು ಗಳಿಕೆಯ ತನಕ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಬರುವ ಮನೆಯ ಆದಾಯ ಎಷ್ಟು? ಹತ್ತು ವರ್ಷದ ಹಿಂದೆ ನಾನೇ ಬರೆದುಕೊಂಡು ಬಂದಿದ್ದ ಮನೆಗಳಿಗೆ ಮತ್ತೆ ಹೋಗಿ, ಆ ನಡುವಿನ ಆದಾಯ ಏರಿದೆಯೋ ಇಳಿದಿದೆಯೋ ನೋಡಬೇಕಿತ್ತು. ಆಗ ನನಗೆ ನಲವತ್ತೈದು, ಹುರುಪೂ ಇತ್ತು.

ಲಕ್ಷ್ಮೇಶ್ವರಕ್ಕೆ ನಲವತ್ತು ಕಿಲೋಮೀಟರು. ಇಳಿದು, ಒಗ್ಗರಣೆ ಅವಲಕ್ಕಿ ತಿಂದು, ಒಬ್ಬ ಕಾಳಿನ ವ್ಯಾಪಾರಿಯ ಮುಂದೆ ಕುಳಿತೆ. ವರ್ಷದ ಗಳಿಕೆ ಕೇಳಿದರೆ ಆತ, "ಯಾವ ವರ್ಷದ್ದು ಹೇಳ್ಲಿರಿ ಅಕ್ಕೋರ? ಮಳಿ ಆದದ್ದೋ, ಆಗಲಾರದ್ದೋ?" ಎಂದ. ಹೋದ ವರ್ಷದ್ದು ಎಂದೆ. "ಅದು ಅರ್ಧಾ ಆಗಿತ್ತರಿ" ಎಂದು ನಕ್ಕ. ಜೊತೆಗೆ ನಗಲು ನನಗೆ ತ್ರಾಣವಿರಲಿಲ್ಲ.

ಮರುದಿನ ಶಿರಹಟ್ಟಿ. ಒಂಬತ್ತಕ್ಕೇ ಬಿಸಿಲು ನೆತ್ತಿ ಸುಡುತ್ತಿತ್ತು. ಒಬ್ಬ ಹೆಣ್ಣುಮಗಳು ಅರ್ಧ ಬಾಗಿಲು ತೆರೆದು, "ಹೋದಸಲ ಎಷ್ಟು ಬರಕೊಂಡಿದ್ರಿ ಅಷ್ಟ ಬರಕೋರಿ. ನಮ್ಮದೇನೂ ಬದಲಾಗಿಲ್ಲ" ಎಂದಳು. ಅವಳ ಹಿಂದೆ ಹೊಸ ಸ್ಲ್ಯಾಬಿಗೆ ಕಬ್ಬಿಣ ಕಟ್ಟುತ್ತಿದ್ದರು. ನಾನು ವಾದ ಮಾಡಲಿಲ್ಲ. ಬುಧವಾರವೆಲ್ಲ ಮುಂಡರಗಿಯ ಓಣಿಗಳಲ್ಲಿ ಅದೇ ಪ್ರಶ್ನೆ, ಅದೇ ಉತ್ತರ. ಲಾಡ್ಜಿನಲ್ಲಿ ಫ್ಯಾನು ತಿರುಗಿದ್ದಕ್ಕಿಂತ ಕಿರುಗುಟ್ಟಿದ್ದೇ ಹೆಚ್ಚು.

ಗುರುವಾರ ಗದಗಿಗೆ ಮರಳುವ ದಾರಿಯಲ್ಲಿ ಡಂಬಳಕ್ಕೆ ಇಳಿದೆ. ಉಳಿದದ್ದು ಹುಸೇನಬಿಯ ಮನೆ ಒಂದೇ. ಹತ್ತು ವರ್ಷದ ಹಿಂದೆ ನನ್ನ ಪಟ್ಟಿಯಲ್ಲಿ ನಟ್ಟನಡುವೆ ನಿಂತದ್ದು ಈ ಮನೆಯೇ. ಹಿರಿಮಗ ಗಾದಿ ಹೊಲಿಯುತ್ತಿದ್ದ, ಕಿರಿಮಗ ಗೌಂಡಿ ಕೆಲಸಕ್ಕೆ ಹೋಗುತ್ತಿದ್ದ. ಒಂದು ಒಲೆಯ ಅಡುಗೆ ಉಣ್ಣುವವರೆಲ್ಲ ಒಂದು ಮನೆ ಎಂಬುದು ನಮ್ಮ ನಿಯಮ. ಒಂಬತ್ತು ಜನ, ಒಂದು ಒಲೆ ಎಂದು ಬರೆದಿದ್ದೆ.

"ಬರ್ರಿ ಅಕ್ಕೋರ, ಕುಂಡ್ರಿ. ನೀವು ಬರಕೊಂಡು ಹ್ವಾದ ಮ್ಯಾಲ ನಮ್ಮ ರೇಷನ್ ಕಾರ್ಡ್ ಹೋತು" ಎಂದಳು ಮುದುಕಿ, ಸಿಟ್ಟಿಲ್ಲದೆ.

ಕಾರ್ಡಿಗೂ ನಮ್ಮ ಸಮೀಕ್ಷೆಗೂ ಸಂಬಂಧವಿಲ್ಲ ಎಂದೆ.

"ಇರಲಿಕ್ಕಿಲ್ಲ. ಮಂದಿ ಮಾತ್ರ, ಇಬ್ಬರ ಗಳಿಕಿ ಕೂಡಿಸಿ ಬರಿಸಿದ್ದಕ್ಕ ಹಿಂಗಾತು ಅಂದ್ರು. ಅದಕ್ಕ ಪಡಸಾಲ್ಯಾಗ ಇನ್ನೊಂದು ಒಲಿ ಹಾಕಿದ್ವಿ. ಯಾರರ ಬರಕೊಳ್ಳಾಕ ಬಂದ್ರ ಹಚ್ಚತಿದ್ವಿ, ಸುಮ್ನ ತೋರಿಸಾಕ."

"ಈಗ?"

"ಈಗ ಖರೇನ ಎರಡು. ಒಂದಿನ ಸಣ್ಣ ಸೊಸಿ ಮುನಿಸಿಕೊಂಡು ಅಲ್ಲೇ ರೊಟ್ಟಿ ಬಡದ್ಲು. ಒಲಿ ತಯಾರ ಇತ್ತಲ್ರಿ."

ನನಗೆ ಸಂಕಟವಾಯಿತು. ನಾನು ಹಾಕಿಸಿದ ಒಲೆಯಲ್ಲ, ನಿಜ, ಆದರೂ ಆಯಿತು. ಈಗ ಎರಡು ಮನೆ ಎಂದು ಬರೆದರೆ ಎರಡೂ ಸಾಲಿನಲ್ಲಿ ಕೆಳಕ್ಕೆ ಜಾರುತ್ತವೆ. ಯಾರ ಗಳಿಕೆಯೂ ಒಂದು ರೂಪಾಯಿ ಕಡಿಮೆಯಾಗಿಲ್ಲ, ಕಾಗದದ ಮೇಲೆ ಮಾತ್ರ ಇಬ್ಬರೂ ಬಡವರು.

ಕೊನೆಯ ಪ್ರಶ್ನೆ ಹುಸೇನಬಿಯ ಬಗ್ಗೆಯೇ. ಆಕೆ ಊಟ ಮಾಡುವುದು ಯಾವ ಒಲೆಯದು? "ಮುಂಜಾನಿ ದೊಡ್ಡ ಸೊಸೀದು, ಸಂಜೀಕ ಸಣ್ಣ ಸೊಸೀದು" ಎಂದಳು. ಮೊಬೈಲಿನ ಫಾರ್ಮು ಒಂದು ಹೆಸರನ್ನು ಒಂದೇ ಮನೆಗೆ ಬರೆದುಕೊಳ್ಳುತ್ತದೆ ಎಂದೆ. ಆಕೆಯ ಮುಖ ಬಾಡಿತು. ಒಂದು ಕಡೆ ಬರೆದರೆ ಇನ್ನೊಂದು ಕಡೆಯವರು ಅದನ್ನೇ ಹಿಡಿದು, ಇನ್ನು ಎರಡು ಹೊತ್ತೂ ಅಲ್ಲೇ ಉಣ್ಣು ಎಂದುಬಿಟ್ಟರೆ? ಹಿರಿಯ ಸೊಸೆ ಅಡುಗೆಮನೆಯ ಬಾಗಿಲಲ್ಲಿ, ಕಿರಿಯಳು ಪಡಸಾಲೆಯ ಒಲೆಯ ಹತ್ತಿರ ತಲೆ ತಗ್ಗಿಸಿ ನಿಂತಿದ್ದರು.

"ಗಂಟಿ ಎಷ್ಟಾತ್ರಿ?" ಎಂದಳು ಮುದುಕಿ.

"ಹನ್ನೊಂದೂವರೆ."

"ಹಂಗಾರ ಇನ್ನೂ ಮುಂಜಾನೇನ. ದೊಡ್ಡಾಕಿ ಒಲಿಗೆ ಬರಕೋರಿ." ಆಮೇಲೆ ಪಡಸಾಲೆಗೆ ಕೇಳುವ ಹಾಗೆ ದನಿ ಎತ್ತಿ ಹೇಳಿದಳು: "ಮುಂದಿನ ಸಲಾ ಸಂಜೀಕ ಬರ್ರಿ, ಅಕ್ಕೋರ."

ಮುಂದಿನ ಸಲ ಎಂದರೆ ಇನ್ನು ಹತ್ತು ವರ್ಷ. ಆಕೆಗೆ ಈಗಲೇ ಎಪ್ಪತ್ತು ದಾಟಿದೆ. ನನ್ನ ಮೊಣಕಾಲಿನ ಮಾತು ಬೇಡ. ಆಗಲಿ ಎಂದು ಚೀಲ ಹೆಗಲಿಗೆ ಹಾಕಿದೆ. ಹನ್ನೆರಡರ ಬಸ್ಸು ಹಿಡಿದರೆ ಗದಗಿನಲ್ಲಿ ಮಧ್ಯಾಹ್ನವಾದರೂ ಕಾಲು ಚಾಚಬಹುದಿತ್ತು.

ಕಿರಿಯ ಸೊಸೆ ಹಿಟ್ಟಿನ ಕೈಯಲ್ಲೇ ಬಂದು ಹೊಸ್ತಿಲಿಗೆ ಅಡ್ಡ ನಿಂತಳು.

"ಹತ್ತು ವರ್ಷ ಯಾಕ್ರಿ?" ಎಂದಳು. "ಇವತ್ತ ಸಂಜೀತನಕ ಇಲ್ಲೇ ಕುಂಡ್ರಿ."

ಹನ್ನೆರಡರ ಬಸ್ಸು ನನ್ನನ್ನು ಬಿಟ್ಟು ಗದಗಿಗೆ ಹೋಯಿತು.